ಸೆರೆಮನೆಯಿಂದ ಮರಳಿದವನು

ಶಿಕ್ಷೆಯನ್ನನುಭವಿಸಿ ಬಂದವನು ಮತ್ತೆ ಕಳವಿಗೆ ಕೈಹಾಕಿದನೆಂದು ಕೇಳಿದೊಡನೆ, ಹುಟ್ಟುಗುಣ ಸುಟ್ಟರೂ ಹೋಗದೆಂದು ನಾವು ತೀರ್ಪಿತ್ತುಬಿಡುವೆವು. ಆದರೆ ಬಿಡುಗಡೆಯಾದ ದಿನ ರಾತ್ರಿ ಅವನು ಎಲ್ಲಿ ಉಂಡನು, ಎಲ್ಲಿ ಮಲಗಿದನು ಎಂಬುದನ್ನು ವಿಚಾರಿಸುವವರಾರು? ಕೂಲಿ ಕೇಳಹೋದೆಡೆಗೆಲ್ಲ ಅವನ ಹಳೆಯ ಕಥೆ ಅವನಿಗಿಂತ ಮೊದಲೇ ಹೋಗಿ ಕುಳಿತಿರುತ್ತದೆ. ಬಾ ಎಂದು ಕರೆಯುವವರು ಸೆರೆಮನೆಯಲ್ಲಿ ಕೂಡಿದ ಗೆಳೆಯರು ಮಾತ್ರ.

ಈ ಕೊರತೆಯನ್ನು ಬಿಡುಗಡೆಗೆ ಮೊದಲೇ ತುಂಬುವ ಏರ್ಪಾಡೊಂದು ಜಯಪುರದ ಬಳಿಯ ಸಾಂಗಾನೇರದಲ್ಲಿ 1963ರಲ್ಲಿ ಆರಂಭವಾಯಿತು. ಅಲ್ಲಿಯ ಬಯಲು ಬಂದೀಖಾನೆಯಲ್ಲಿ, ಸನ್ನಡತೆಯಿಂದ ಹಲವು ವರ್ಷ ಕಳೆದ ಕೈದಿಗಳು ಹೆಂಡಿರು ಮಕ್ಕಳೊಡನೆ ವಾಸಿಸುವರು; ಹಗಲೆಲ್ಲ ಊರೊಳಗೆ ದುಡಿದು ಸಂಜೆಯ ಹಾಜರಿಗೆ ಮರಳುವರು. ಕೊಲೆಗಾಗಿ ಜೀವಾವಧಿ ಶಿಕ್ಷೆ ಹೊಂದಿದವರೂ ಅವರಲ್ಲುಂಟು. ಊರಿನವರು ಕೆಲಸ ಕೊಡದಿದ್ದರೆ ಅದು ನಿಲ್ಲಲಾರದು.

ಅಂತಹವನೊಬ್ಬನು ನಾಳೆ ನಮ್ಮ ಹಿತ್ತಿಲಿನ ಕೆಲಸ ಕೇಳಿ ಬಂದರೆ, ಇದನ್ನು ಬರೆಯುತ್ತಿರುವ ನಾನೂ ಅಗುಳಿ ತೆಗೆಯಲು ಹಿಂಜರಿದೇನು.