ಸರ್ಫ್ ಹಲಗೆಯೂ ಪಕ್ಕದ ಗಾಳಿಯೂ

ಇಂಡೊನೇಷ್ಯದ ಬಾಲಿ ದ್ವೀಪದ ದಕ್ಷಿಣ ತೀರದಲ್ಲಿ ಒಂದು ವಿಶಿಷ್ಟ ನೋಟ ತೀರ ಸಾಮಾನ್ಯವಾಗಿದೆ. ೧೧೦ ಅಥವಾ ೧೨೫ ಘನ ಸೆಂಟಿಮೀಟರಿನ ಪುಟ್ಟ ಎಂಜಿನ್ನುಳ್ಳ ಸ್ಕೂಟರುಗಳು, ಹೆಚ್ಚುಕಡಮೆ ತಮ್ಮಷ್ಟೇ ಉದ್ದವಾದ ಹಲಗೆಯೊಂದನ್ನು ಮಗ್ಗುಲಲ್ಲಿ ತಗುಲಿಸಿಕೊಂಡು, ಇಕ್ಕಟ್ಟಾದ ಬೀದಿಗಳಲ್ಲಿ ಕಡಲಿನ ಕಡೆಗೆ ಓಡುತ್ತವೆ. ಅಲೆಯ ಮೇಲೆ ನಿಂತು ಜಾರುವ ಸರ್ಫಿಂಗ್ ಆಟದ ಹಲಗೆ ಅದು. ವಾಹನದ ಚೌಕಟ್ಟಿಗೆ ಬಿಗಿದ ಎರಡು ಕೊಕ್ಕೆಯಾಕಾರದ ಕಬ್ಬಿಣದ ತೋಳುಗಳು ಅದನ್ನು ಹಿಡಿದಿರುತ್ತವೆ.

ಈ ಆಟ ಇಂದು ನಮ್ಮ ಕರಾವಳಿಗೂ ಅಪರಿಚಿತವಲ್ಲ. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ ೨೦೦೪ರಲ್ಲಿ ಆರಂಭವಾಯಿತು; ೨೦೧೬ರಲ್ಲಿ ಸಸಿಹಿತ್ಲಿನ ಕಡಲತೀರದಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ಸ್ಪರ್ಧೆ ನಡೆಯಿತು. ಮನೆಯಲ್ಲಿರುವ ವಾಹನ ಸ್ಕೂಟರೊಂದೇ ಆದಾಗ ಹಲಗೆಯನ್ನು ಅದರ ಮೇಲೆಯೇ ಒಯ್ಯಬೇಕೆಂದು ತರುಣರಿಗೆ ತೋರುವುದು ಸಹಜ. ಹಾಗೆ ಒಯ್ಯುವುದು ಯುಕ್ತವೇ? ಹಿರಿಯರು ‘ಸರ್ವಥಾ ಕೂಡದು’ ಎನ್ನುತ್ತಾರೆ. ಕಿರಿಯರು ‘ಮೂರು ಕಿಲೋ ಹಲಗೆಗೆ ಇಷ್ಟೊಂದು ಗದ್ದಲವೇಕೆ?’ ಎನ್ನುತ್ತಾರೆ. ಈ ಎರಡು ಮಾತುಗಳೂ ಹಲಗೆಯ ನಿಜವಾದ ಹೊರೆ ಯಾವುದೆಂಬುದನ್ನು ವಿಚಾರಿಸದೆ ಹುಟ್ಟಿದವು ಎಂಬುದು ನಮ್ಮ ಅಭಿಪ್ರಾಯ.

ಮೊದಲು ತೂಕವನ್ನೇ ನೋಡೋಣ. ಹವಾಯಿ ದ್ವೀಪವಾಸಿಗಳ ಪ್ರಾಚೀನ ಹಲಗೆಗಳು ಇಡಿಯ ಮರದಿಂದ ಮಾಡಿದವು. ದೊಡ್ಡ ಹಲಗೆಯನ್ನು ಹೊರುವುದೇ ಒಂದು ಸಾಹಸವಾಗಿತ್ತು. ೧೯೫೦ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಹೋಬಿ ಆಲ್ಟರ್, ಗಾರ್ಡನ್ ಕ್ಲಾರ್ಕ್ ಮೊದಲಾದವರು ಪಾಲಿಯುರಥೇನ್ ನೊರೆಯನ್ನು ಗಟ್ಟಿಗೊಳಿಸಿ, ಅದಕ್ಕೆ ಗಾಜಿನ ನಾರಿನ ಹೊದಿಕೆ ಕೊಟ್ಟು ಹಲಗೆ ಮಾಡುವ ವಿಧಾನವನ್ನು ರೂಢಿಗೆ ತಂದರು. ಇಂದಿನ ೧.೮ ಮೀಟರ್ ಉದ್ದದ ಹಲಗೆ ಸುಮಾರು ೩ ಕಿಲೋಗ್ರಾಂ ತೂಗುತ್ತದೆ. ಅದು ವಾಹನದ ನಡುರೇಖೆಯಿಂದ ೪೦ ಸೆಂಟಿಮೀಟರ್ ಆಚೆಗೆ ತೂಗುತ್ತಿದ್ದರೂ, ೭೦ ಕಿಲೋಗ್ರಾಂ ತೂಕದ ಸವಾರನು ಎರಡು ಸೆಂಟಿಮೀಟರಿಗಿಂತ ಕಡಮೆ ದೂರ ಎದುರು ಬದಿಗೆ ಸರಿದು ಕುಳಿತರೆ ಸಮತೋಲ ಮರಳುತ್ತದೆ. ತೂಕದ ಮಟ್ಟಿಗೆ ಕಿರಿಯರ ವಾದ ನ್ಯಾಯವಾದುದೇ.

ಆದರೆ ಕೊಡೆಯ ತೂಕವೆಷ್ಟು? ಮಳೆಗಾಲದಲ್ಲಿ ಅದನ್ನು ಹಿಡಿದು ನಡೆದವರೆಲ್ಲರಿಗೂ ಗೊತ್ತು, ಕೈಯನ್ನು ಎಳೆಯುವುದು ಕೊಡೆಯ ತೂಕವಲ್ಲ, ಅದಕ್ಕೆ ಸಿಕ್ಕಿದ ಗಾಳಿ. ಸರ್ಫ್ ಹಲಗೆಯ ಚಪ್ಪಟೆ ಮುಖದ ವಿಸ್ತೀರ್ಣ ಸುಮಾರು ೦.೭ ಚದರ ಮೀಟರ್. ಗಂಟೆಗೆ ೨೦ ಕಿಲೋಮೀಟರ್ ವೇಗದ ಗಾಳಿ ನೇರವಾಗಿ ಅದರ ಮೇಲೆ ಬೀಸಿದರೆ ಉಂಟಾಗುವ ನೂಕು ಸುಮಾರು ಒಂದೂವರೆ ಕಿಲೋಗ್ರಾಂ ಭಾರಕ್ಕೆ ಸಮ. ಗಾಳಿಯ ಒತ್ತಡವು ವೇಗದ ವರ್ಗವನ್ನು ಅನುಸರಿಸುವುದರಿಂದ, ಗಾಳಿಯ ವೇಗ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟಾಗುತ್ತದೆ.

ಇಲ್ಲಿಯೇ ಬಹುಜನರ ಗಮನ ತಪ್ಪುವುದು. ಹಲಗೆ ಓಡುವ ದಿಕ್ಕಿಗೆ ಸಮಾಂತರವಾಗಿದೆ, ಅದರ ಅಂಚಷ್ಟೇ ಗಾಳಿಯನ್ನು ಸೀಳುತ್ತದೆ. ಆದುದರಿಂದ ವಾಹನದ ವೇಗಕ್ಕೂ ಪಕ್ಕದ ನೂಕಿಗೂ ಸಂಬಂಧವಿಲ್ಲವೆಂದು ಅವರು ಭಾವಿಸುತ್ತಾರೆ. ಗಾಳಿ ಪೂರ್ತಿ ನಿಂತಿದ್ದರೆ ಅದು ಸರಿ. ಆದರೆ ಕಡಲತೀರದಲ್ಲಿ ಗಾಳಿ ನಿಲ್ಲುವುದು ಅಪರೂಪ. ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರನಿಗೆ ಪಕ್ಕದಿಂದ ೨೦ ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದೆಯೆನ್ನೋಣ. ಹಲಗೆಗೆ ತಗಲುವುದು ಇವೆರಡೂ ಕೂಡಿದ ಗಾಳಿ. ಪೈಥಾಗೊರಸನ ಪ್ರಮೇಯವನ್ನು ಬಲ್ಲ ವಿದ್ಯಾರ್ಥಿ ಅದರ ವೇಗವನ್ನು ಸುಮಾರು ೪೫ ಕಿಲೋಮೀಟರ್ ಎಂದು ಕ್ಷಣದಲ್ಲಿ ಕಂಡುಹಿಡಿಯುತ್ತಾನೆ. ನಿಂತ ವಾಹನಕ್ಕೆ, ೨೦ ಕಿಲೋಮೀಟರ್ ವೇಗದಲ್ಲಿ ಹೋಗುವುದಕ್ಕೆ, ೪೦ರಲ್ಲಿ ಹೋಗುವುದಕ್ಕೆ ತಗಲುವ ಗಾಳಿಯ ಒತ್ತಡಗಳು ೧ : ೨ : ೫ ಎಂಬ ಪ್ರಮಾಣದಲ್ಲಿರುತ್ತವೆ. ಕೂಡಿದ ಗಾಳಿ ಓರೆಯಾಗಿ ತಗಲುವುದರಿಂದ ಆ ಒತ್ತಡವೆಲ್ಲ ಪಕ್ಕದ ನೂಕಾಗಿ ಪರಿಣಮಿಸುವುದಿಲ್ಲ, ನಿಜ. ಆದರೂ ೪೦ ಕಿಲೋಮೀಟರಿನಲ್ಲಿ ಆ ನೂಕು ನಾಲ್ಕೈದು ಕಿಲೋಗ್ರಾಂ ಭಾರಕ್ಕೆ ಏರುತ್ತದೆ; ಎಂದರೆ ಹಲಗೆಯ ತೂಕವನ್ನೇ ಮೀರುತ್ತದೆ. ಗಾಳಿ ಮೊದಲಿನದೇ, ಹಲಗೆಯೂ ಮೊದಲಿನದೇ. ಹೆಚ್ಚಿದುದು ಸವಾರನ ವೇಗವೊಂದೇ. ಅಂಚನ್ನು ಮುಂದೊಡ್ಡಿದ ಹಲಗೆ ಈಗ ಬರಿಯ ಹಲಗೆಯಲ್ಲ, ದೋಣಿಗೆ ಕಟ್ಟಿದ ಹಾಯಿ.

ಒಂದೇ ಸಮನೆ ಬೀಸುವ ಗಾಳಿಯನ್ನು ಸವಾರನು ತನಗರಿವಿಲ್ಲದೆಯೇ ಎರಡು ಮೂರು ಅಂಶಗಳಷ್ಟು ವಾಲಿ ಸರಿತೂಗಿಸುತ್ತಾನೆ. ಅಪಾಯವಿರುವುದು ಗಾಳಿಯ ಬದಲಾವಣೆಯಲ್ಲಿ. ಮೂಲ್ಕಿಯ ಹೆದ್ದಾರಿಯನ್ನೇ ನೆನೆಯಿರಿ: ಕಟ್ಟಡಗಳ ಮತ್ತು ತೋಟಗಳ ಮರೆಯಲ್ಲಿ ಬಂದ ಸವಾರನು ಶಾಂಭವಿ ನದಿಯ ಸೇತುವೆಯನ್ನೇರಿದೊಡನೆ ಪಡುವಣ ಗಾಳಿಗೆ ತೆರೆದುಕೊಳ್ಳುತ್ತಾನೆ. ಹಿಂದಿನಿಂದ ಬಂದು ಮುನ್ನುಗ್ಗುವ ಲಾರಿಯೂ ಹೀಗೆಯೇ. ಅದು ತಳ್ಳಿದ ಗಾಳಿ ಸವಾರನನ್ನು ಮೊದಲು ಆಚೆಗೆ ನೂಕಿ, ಮರುಕ್ಷಣ ತನ್ನತ್ತ ಸೆಳೆಯುತ್ತದೆ. ಹಲಗೆಯಿಲ್ಲದವನು ತುಸು ಅಲುಗಾಡಿ ಮುಂದೆ ಸಾಗುವ ಕಡೆಯಲ್ಲಿ, ಹಲಗೆಯುಳ್ಳವನು ಒಂದು ಮೀಟರಿನಷ್ಟು ಪಕ್ಕಕ್ಕೆ ಸರಿಯಬಹುದು. ಆ ಒಂದು ಮೀಟರಿನ ಜಾಗದಲ್ಲಿ ಇನ್ನೊಂದು ವಾಹನವಿದ್ದರೆ ಏನಾದೀತೆಂದು ಹೇಳಬೇಕಾಗಿಲ್ಲ.

ಹಾಗಾದರೆ ಹಿರಿಯರ ನಿಷೇಧವನ್ನೇ ಒಪ್ಪೋಣವೆ? ಬೇಡವೆನ್ನುತ್ತೇವೆ. ಕಾರಣ ತಿಳಿಸದ ನಿಷೇಧ ಕದ್ದುಮುಚ್ಚಿ ಮಾಡುವ ಸಾಹಸಕ್ಕೆ ದಾರಿಯಾಗುತ್ತದೆ. ಹಲಗೆಯನ್ನು ಎಡ ಕಂಕುಳಲ್ಲಿ ಅವುಚಿಕೊಂಡು ಒಂದೇ ಕೈಯಲ್ಲಿ ಸ್ಕೂಟರ್ ನಡೆಸುವುದು ಅಂಥ ಸಾಹಸ. ಗೇರಿಲ್ಲದ ಸ್ಕೂಟರಿನಲ್ಲಿ ಹಿಂದಿನ ಚಕ್ರದ ಬ್ರೇಕು ಇರುವುದು ಎಡಗೈಯಲ್ಲಿಯೇ. ಹಲಗೆಯನ್ನು ಅಡ್ಡಲಾಗಿ ಕಟ್ಟುವುದು ಇನ್ನೊಂದು; ಅದರ ತುದಿ ಒಂದು ಕಂಬಕ್ಕೆ ತಗಲಿದರೂ ಸಾಕು, ಮಾರುದ್ದದ ಸನ್ನೆಗೋಲು ವಾಹನವನ್ನೇ ತಿರುಗಿಸಿಬಿಡುತ್ತದೆ. ಬೆನ್ನ ಹಿಂದೆ ಕುಳಿತ ಗೆಳೆಯನು ಹಲಗೆಯನ್ನು ತಲೆಯ ಮೇಲೆತ್ತಿ ಹಿಡಿಯುವುದಂತೂ ಹಾಯಿಯನ್ನು ಕಂಬದ ತುದಿಗೆ ಏರಿಸಿದಂತೆಯೇ ಸರಿ.

ನಮ್ಮ ಮತದಲ್ಲಿ ಬಾಲಿಯವರ ಕಬ್ಬಿಣದ ತೋಳುಗಳು ಇವೆಲ್ಲಕ್ಕಿಂತ ಮೇಲು. ಹಲಗೆ ತಗ್ಗಿನಲ್ಲಿ, ಉದ್ದುದ್ದವಾಗಿ, ಎರಡು ಕಡೆ ಬಿಗಿದ ಪಟ್ಟಿಗಳೊಡನೆ ಕುಳಿತಿರಬೇಕು. ಎಡಕ್ಕೆ ಚಲಿಸುವ ನಮ್ಮ ದೇಶದಲ್ಲಿ ಅದು ಎಡಬದಿಯಲ್ಲಿರುವುದು ಲೇಸು. ಸಾಮಾನ್ಯವಾಗಿ ಬಲಬದಿಯಲ್ಲಿರುವ ಬಿಸಿ ಹೊಗೆಕೊಳವೆಯಿಂದಲೂ ದೂರವಾಗುತ್ತದೆ. ಓರೆಗಾಳಿಯ ನೂಕು ಹಲಗೆಯ ಮಧ್ಯಕ್ಕಿಂತ ಮುಂದೆ ತಗಲುವುದರಿಂದ, ಹಲಗೆಯ ಮಧ್ಯ ಸವಾರನ ಆಸನಕ್ಕಿಂತ ಮುಂದಿರಬಾರದು. ಹ್ಯಾಂಡಲ್ ತಿರುಗುವುದಕ್ಕೆ ಅದು ಅಡ್ಡಿಯಾಗಲೂಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ವೇಗ ೩೦ ಕಿಲೋಮೀಟರನ್ನು ಮೀರಬಾರದು. ಬಿರುಗಾಳಿಯ ದಿನ ಹಲಗೆ ಮನೆಯಲ್ಲಿರಬೇಕು. ೨.೭ ಮೀಟರಿನ ಉದ್ದನೆಯ ಹಲಗೆಗೆ ಸ್ಕೂಟರು ತಕ್ಕ ವಾಹನವೇ ಅಲ್ಲ.

ಕಾನೂನಿನ ಮಾತನ್ನೂ ಮರೆಯಲಾಗದು. ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿ, ಮಿತಿ ಮೀರಿ ಹೊರಚಾಚಿದ ಹೊರೆಗೆ ಭಾರಿ ದಂಡವನ್ನು ವಿಧಿಸಿದೆ. ಆದುದರಿಂದ ಇಂಥ ತೋಳುಗಳನ್ನು ಜೋಡಿಸುವ ಮೊದಲು ಸಾರಿಗೆ ಕಛೇರಿಯಲ್ಲಿ ವಿಚಾರಿಸುವುದು ಅವಶ್ಯ. ಅನುಮತಿ ದೊರೆಯದಿದ್ದರೆ ಹಲಗೆಯನ್ನು ಕಡಲತೀರದಲ್ಲಿಯೇ ಇರಿಸಲು ಏರ್ಪಾಡು ಮಾಡಿಕೊಳ್ಳಬೇಕು. ಆದರೆ ಕಾನೂನು ಹೊರಚಾಚುವಿಕೆಯನ್ನು ಅಳೆಯಬಲ್ಲುದು, ಆ ಹೊತ್ತಿನ ಗಾಳಿಯನ್ನು ಅಳೆಯಲಾರದು. ಆ ಅಳತೆ ಸವಾರನ ಬುದ್ಧಿಗೇ ಬಿಟ್ಟದ್ದು.

ಆ ಬುದ್ಧಿಗೆ ಪ್ರಯೋಗಶಾಲೆ ಬೇಕಿಲ್ಲ. ಗಾಳಿಯಿರುವ ಸಂಜೆ ಬಯಲಿನಲ್ಲಿ ದೊಡ್ಡ ರಟ್ಟಿನ ಹಾಳೆಯೊಂದನ್ನು ಮಗ್ಗುಲಿಗೆ ಹಿಡಿದು, ಗಾಳಿ ಅದರ ಮುಖಕ್ಕೆ ಬೀಳುವಂತೆ ಮೊದಲು ನಿಲ್ಲಿರಿ, ಬಳಿಕ ನಡೆಯಿರಿ, ಅನಂತರ ಓಡಿರಿ. ನಿಂತಾಗ ಸುಮ್ಮನಿದ್ದ ಹಾಳೆ ಓಡುವಾಗ ಹೇಗೆ ಸೆಳೆಯುತ್ತದೆಂಬುದನ್ನು ನಿಮ್ಮ ತೋಳೇ ಹೇಳುತ್ತದೆ. ಯಾವ ಹೊರೆಯನ್ನೇ ವಾಹನಕ್ಕೆ ಕಟ್ಟುವಾಗಲೂ ಅದು ಎಷ್ಟು ತೂಗುತ್ತದೆಂದು ಕೇಳಿದರೆ ಸಾಲದು. ಎಷ್ಟು ಗಾಳಿಯನ್ನು ಹಿಡಿಯುತ್ತದೆಂದೂ ಕೇಳಬೇಕು.