ಗುಂಡಿ ಒತ್ತಿದರೆ ಹಿಡಿತ ಹುಟ್ಟದು

ನಾನೂರು ಕುದುರೆಶಕ್ತಿ ದಾಟಿದ ಮ್ಯಾನ್ಯುಯಲ್ ಕಾರನ್ನು ಊರ ರಸ್ತೆಯಲ್ಲಿ ಓಡಿಸುವಾಗ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಇರಲಿ, ಆಫ್ ಮಾಡುವ ಆಸೆಯಿದ್ದರೆ ಡ್ರ್ಯಾಗ್ ಸ್ಟ್ರಿಪ್‌ಗೆ ಹೋಗಿ ತೀರಿಸಿಕೊಳ್ಳಿ ಎಂದು ನಾನು ಹೇಳುತ್ತ ಬಂದಿದ್ದೇನೆ. ಇದನ್ನು ಕೇಳಿ ಸಿಡಿಮಿಡಿಗೊಳ್ಳುವವರು ಕಡಿಮೆಯಿಲ್ಲ. ಅವರ ಮಾತುಗಳಲ್ಲಿ ಕೆಲವು ಬರೀ ಜಂಬ, ಕೆಲವಕ್ಕೆ ತೂಕವಿದೆ. ಜಂಬದಿಂದಲೇ ಶುರು ಮಾಡೋಣ.

ಅಸಲಿ ಚಾಲಕನಿಗೆ ಈ ಊರುಗೋಲು ಬೇಡ, ಫಾರ್ಮುಲಾ ಒನ್‌ನಲ್ಲೇ ಅದನ್ನು ನಿಷೇಧಿಸಿದ್ದಾರಲ್ಲ ಎನ್ನುತ್ತಾರೆ. ನಿಷೇಧಿಸಿದ್ದು ನಿಜ. ಆದರೆ ಏಕೆ? ಅದು ಕಾರನ್ನು ನಿಧಾನ ಮಾಡುತ್ತಿದ್ದರೆ ಯಾವ ತಂಡವೂ ಬಳಸುತ್ತಿರಲಿಲ್ಲ, ನಿಷೇಧಿಸುವ ಪ್ರಶ್ನೆಯೂ ಏಳುತ್ತಿರಲಿಲ್ಲ. 1994ರಲ್ಲಿ ಅದನ್ನು ಹೊರಗಿಟ್ಟರು. ಅದೇ ವರ್ಷ ಬೆನೆಟ್ಟನ್ ತಂಡದ ಕಂಪ್ಯೂಟರ್‌ನೊಳಗೆ, ಹೊರಡುವ ಗಳಿಗೆಯಲ್ಲಿ ಚಕ್ರ ಜಾರದಂತೆ ನೋಡಿಕೊಳ್ಳುವ ಲಾಂಚ್ ಕಂಟ್ರೋಲ್‌ನ ಸಾಫ್ಟ್‌ವೇರ್ ಅಡಗಿ ಕುಳಿತಿದ್ದು ಪತ್ತೆಯಾಯಿತು. ಬಳಸಿದ್ದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಯಾರು ಕದ್ದು ಬಳಸುತ್ತಿದ್ದಾರೆಂದು ಹಿಡಿಯಲಾಗದೆ 2001ರ ಸ್ಪ್ಯಾನಿಷ್ ಗ್ರ್ಯಾನ್ ಪ್ರಿಯಿಂದ ಮತ್ತೆ ಬಿಟ್ಟರು. 2008ರಲ್ಲಿ ಎಲ್ಲರ ಕಾರಿಗೂ ಒಂದೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೂರಿಸಿದ ಮೇಲಷ್ಟೇ ನಿಷೇಧಕ್ಕೆ ಹಲ್ಲು ಬಂತು. ಕದ್ದಾದರೂ ಬೇಕೆನಿಸುವ ವಸ್ತುವನ್ನು ಊರುಗೋಲು ಎನ್ನುವುದು ಹೇಗೆ?

ಎರಡನೆಯ ಮಾತು ಕಾಸಿನ ಲೆಕ್ಕದ್ದು: ದುಡ್ಡು ಕೊಟ್ಟು ಕೊಂಡ ಕುದುರೆಗಳನ್ನು ಕಂಪ್ಯೂಟರ್ ಏಕೆ ಕಟ್ಟಿಹಾಕಬೇಕು? ಹಾಗಾದರೆ ಲೆಕ್ಕವನ್ನೇ ಹಾಕೋಣ. 2018ರ ಫೋರ್ಡ್ ಮಸ್ಟ್ಯಾಂಗ್ ಜಿಟಿ ತೆಗೆದುಕೊಳ್ಳಿ: ಅಮೆರಿಕದಲ್ಲಿ ಆರು ಗೇರಿನ ಮ್ಯಾನ್ಯುಯಲ್‌ನಲ್ಲಿ ಸಿಗುತ್ತಿದ್ದ ಕಾರು, 460 ಕುದುರೆಶಕ್ತಿ, 569 ನ್ಯೂಟನ್ ಮೀಟರ್ ಟಾರ್ಕ್. (ಭಾರತಕ್ಕೆ ಮಸ್ಟ್ಯಾಂಗ್ ಬಂದಾಗ ಆಟೊಮ್ಯಾಟಿಕ್ ಮಾತ್ರ ಬಂತು. ಹಾಗಾಗಿ ಈ ಜಗಳ ಹೆಚ್ಚಾಗಿ ಅಮೆರಿಕದಲ್ಲಿರುವ ನಮ್ಮ ಹುಡುಗರದು.) ಮೊದಲ ಗೇರು ಸುಮಾರು 3.2, ಡಿಫರೆನ್ಷಿಯಲ್ 3.55. ಗುಣಿಸಿ ಚಕ್ರದ ತ್ರಿಜ್ಯದಿಂದ ಭಾಗಿಸಿದರೆ ನೆಲವನ್ನು ತಳ್ಳಬಲ್ಲ ಬಲ ಹತ್ತೊಂಬತ್ತು ಸಾವಿರ ನ್ಯೂಟನ್ ಆಸುಪಾಸು. ಇನ್ನು ಆ ಬಲವನ್ನು ತಾಳುವವರು ಯಾರು? ಚಾಲಕನೂ ಸೇರಿ ಸುಮಾರು 1,800 ಕಿಲೋ ತೂಗುವ ಕಾರಿನ ಅರ್ಧಕ್ಕಿಂತ ಕಡಿಮೆ ಭಾರ ಹಿಂಚಕ್ರಗಳ ಮೇಲಿದೆ. ಹೊರಡುವಾಗ ಮುಂದಿನ ಭಾರ ಹಿಂದಕ್ಕೆ ಸರಿಯುವುದನ್ನು ಸೇರಿಸಿದರೂ, ಒಳ್ಳೆಯ ಟೈರು ಒಣ ಡಾಂಬರಿನ ಮೇಲೆ ಹಿಡಿದಿಡಬಲ್ಲದ್ದು ಹತ್ತು ಸಾವಿರ ನ್ಯೂಟನ್ ಆದರೆ ಹೆಚ್ಚು. ಅಂದರೆ ಮೊದಲ ಗೇರಿನಲ್ಲಿ ನಿಮ್ಮ ಅರ್ಧದಷ್ಟು ಕುದುರೆಗಳನ್ನು ಕಟ್ಟಿಹಾಕಿರುವುದು ಟೈರು. ಗುಂಡಿ ಒತ್ತಿದ ಮಾತ್ರಕ್ಕೆ ಅವು ಬಿಡುಗಡೆಯಾಗುವುದಿಲ್ಲ, ಹೊಗೆಯಾಗುತ್ತವೆ. ಸಾಮಾನ್ಯ ಟೈರು ಶೇಕಡಾ 10ರಿಂದ 20ರಷ್ಟು ಜಾರುವಾಗ ಅತಿ ಹೆಚ್ಚು ಹಿಡಿತ ಕೊಡುತ್ತದೆ. ಅದನ್ನು ಮೀರಿ ಚಕ್ರ ಗಿರಗಿರನೆ ತಿರುಗಿದಷ್ಟೂ ಹಿಡಿತ ಇಳಿಯುತ್ತದೆ. ಹೊಗೆ ಎಬ್ಬಿಸಿ ಹೊರಟವನು ನೋಡಲು ಗಂಡು, ಗಡಿಯಾರದಲ್ಲಿ ಹಿಂದೆ.

ತೂಕವಿರುವ ಆಕ್ಷೇಪ ಮುಂದಿದೆ. ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಇಟ್ಟು ಜೋರಾಗಿ ಹೊರಟರೆ ಎಂಜಿನ್ ಮುಗ್ಗರಿಸುತ್ತದೆ, ಕಾರು ತಡವರಿಸುತ್ತದೆ ಎನ್ನುತ್ತಾರೆ. ಒಪ್ಪಿದೆ. ಹಿಂಚಕ್ರ ಮುಂಚಕ್ರಕ್ಕಿಂತ ವೇಗವಾಗಿ ತಿರುಗುವುದನ್ನು ಸೆನ್ಸರ್ ಕಂಡೊಡನೆ ಇಸಿಯು ಥ್ರಾಟಲ್ ಮುಚ್ಚುತ್ತದೆ, ಕಿಡಿಯ ಸಮಯ ಹಿಂದಕ್ಕೆಳೆಯುತ್ತದೆ, ಸಾಲದಿದ್ದರೆ ಬ್ರೇಕನ್ನೂ ಹಿಡಿಯುತ್ತದೆ. ಆದರೆ ಮ್ಯಾನ್ಯುಯಲ್ ಕಾರಿನಲ್ಲಿ ಕ್ಲಚ್ ಇರುವುದು ನಿಮ್ಮ ಎಡಗಾಲಲ್ಲಿ, ಅದರ ಮೇಲೆ ಇಸಿಯುಗೆ ಅಧಿಕಾರವಿಲ್ಲ. ಕ್ಲಚ್ ಕಚ್ಚುತ್ತಿರುವ ಹೊತ್ತಿಗೇ ಎಂಜಿನ್ನಿನ ಬಲ ಕಡಿದರೆ ಆರ್‌ಪಿಎಂ ಕುಸಿಯುವುದು ಸಹಜ. ರಸ್ತೆಗೆಂದು ಹೊಂದಿಸಿದ ವ್ಯವಸ್ಥೆ ಮಳೆಯನ್ನೂ ಮರಳನ್ನೂ ನೆನೆದು ಹೆದರುತ್ತಲೇ ಕೆಲಸ ಮಾಡುತ್ತದೆ. ಅಂಟು ಬಳಿದ ಸ್ಟ್ರಿಪ್‌ನ ಮೇಲೆ, ಬಿಸಿಯಾದ ಟೈರಿನಲ್ಲಿ, ಕಾಲು ಪಳಗಿದವನು ಅದನ್ನು ಆಫ್ ಮಾಡಿಯೇ ಬೇಗ ಹೋಗುತ್ತಾನೆ.

ಆದರೆ ಇದರಿಂದ ಎಲೆಕ್ಟ್ರಾನಿಕ್ಸ್ ಸೋತಿತು ಎಂಬಲ್ಲಿಗೆ ಹಾರುತ್ತಾರಲ್ಲ, ಅಲ್ಲಿ ನನ್ನ ತಕರಾರು. ರಸ್ತೆಯ ಟ್ರ್ಯಾಕ್ಷನ್ ಕಂಟ್ರೋಲ್ ಬೇರೆ, ಲಾಂಚ್ ಕಂಟ್ರೋಲ್ ಬೇರೆ. 2010ರ ಕಾರ್ವೆಟ್ ಜೆಡ್‌ಆರ್1ಗೆ 638 ಕುದುರೆಶಕ್ತಿ, ಸಿಗುತ್ತಿದ್ದುದು ಮ್ಯಾನ್ಯುಯಲ್‌ನಲ್ಲಿ ಮಾತ್ರ. ಅದಕ್ಕೂ ಶೆವರ್ಲೆ ಲಾಂಚ್ ಕಂಟ್ರೋಲ್ ಕೊಟ್ಟಿತು. ಮಸ್ಟ್ಯಾಂಗ್ ಮ್ಯಾನ್ಯುಯಲ್‌ನಲ್ಲೂ ಇದೆ: ಹೊರಡುವ ಆರ್‌ಪಿಎಂ ನೀವೇ ಆರಿಸಿ, ಆಕ್ಸಿಲರೇಟರ್ ಪೂರ್ತಿ ತುಳಿದರೂ ಎಂಜಿನ್ ಅಲ್ಲೇ ನಿಲ್ಲುತ್ತದೆ, ಕ್ಲಚ್ ಬಿಟ್ಟ ಮೇಲೆ ಬೇಕಾದಷ್ಟೇ ಜಾರಲು ಬಿಡುತ್ತದೆ. ಕ್ಲಚ್ ಬಿಡುವ ಕಲೆ ಆಗಲೂ ನಿಮ್ಮದೇ. ಇದು ಬಂದರೆ ಮ್ಯಾನ್ಯುಯಲ್‌ನ ಮಾನ ಹೋಯಿತು ಎಂಬ ಗೋಳಿಗೆ ಇಷ್ಟು ಉತ್ತರ ಸಾಕು.

ಚಕ್ರ ಜಾರಲು ಬಿಡದಿದ್ದರೆ ಕ್ಲಚ್ ಸುಡುತ್ತದೆ ಎಂಬ ಮಾತಿನಲ್ಲೂ ಹುರುಳಿದೆ. ಆರ್‌ಪಿಎಂ ಒಂದೇ ಮಟ್ಟದಲ್ಲಿಟ್ಟು ಕ್ಲಚ್ ಜಾರಿಸುತ್ತ ಹೊರಟರೆ, ಕಾರಿಗೆ ಎಷ್ಟು ಚಲನಶಕ್ತಿ ಸೇರಿತೋ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕ್ಲಚ್ಚಿನಲ್ಲಿ ಶಾಖವಾಗುತ್ತದೆ. 4,500 ಆರ್‌ಪಿಎಂನಲ್ಲಿ ಹೊರಟ ಆ ಮಸ್ಟ್ಯಾಂಗ್‌ನ ಕ್ಲಚ್ ಪೂರ್ತಿ ಕಚ್ಚುವ ಹೊತ್ತಿಗೆ ವೇಗ ಗಂಟೆಗೆ 50 ಕಿಲೋಮೀಟರ್. ಅಷ್ಟರಲ್ಲಿ ಹುಟ್ಟಿದ ಶಾಖ ಅರ್ಧ ಲೀಟರ್ ನೀರನ್ನು ಕುದಿಸಲು ಸಾಕು. ಚಕ್ರ ಜಾರಿದರೆ ಕ್ಲಚ್ ಬೇಗ ಕಚ್ಚಿ ಆ ಪಾಡು ಟೈರಿನ ಪಾಲಿಗೆ ಬರುತ್ತದೆ. ಕ್ಲಚ್ ಬದಲಿಸುವುದಕ್ಕಿಂತ ಟೈರು ಬದಲಿಸುವುದು ಸುಲಭವಾದ್ದರಿಂದ, ಸ್ಟ್ರಿಪ್‌ನಲ್ಲಿ ತುಸು ಜಾರಲು ಬಿಡುವವರನ್ನು ನಾನು ಬೈಯಲಾರೆ. ಕಡಿಮೆ ಆರ್‌ಪಿಎಂನಲ್ಲಿ ಹೊರಟರೆ ಎರಡೂ ಉಳಿಯುತ್ತವೆ ಎಂಬುದನ್ನು ಮಾತ್ರ ಅವರು ಮರೆಯುತ್ತಾರೆ.

ಕೊನೆಯದು, ರಸ್ತೆ ಖಾಲಿಯಿತ್ತು, ಕೈ ಪಳಗಿದೆ, ನೇರ ಹೋದರೆ ಅಪಾಯವೇನು ಎಂಬ ಸಬೂಬು. ಅಮೆರಿಕದ ಕಾರು ಕೂಟಗಳಿಂದ ಹೊರಬೀಳುವಾಗ ಮಸ್ಟ್ಯಾಂಗ್‌ಗಳು ಫುಟ್‌ಪಾತ್ ಹತ್ತುವ ವಿಡಿಯೋಗಳನ್ನು ನೋಡಿ ನಗದವರಿಲ್ಲ. ಅವರೂ ನೇರ ಹೋಗಲೆಂದೇ ಹೊರಟವರು. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚಿನತ್ತ ಇಳಿಜಾರು ಮಾಡಿರುತ್ತಾರೆ. ಗಿರಗಿರನೆ ತಿರುಗುವ ಟೈರಿಗೆ ಮುಂದೆ ತಳ್ಳುವ ಶಕ್ತಿ ಕುಗ್ಗಿರುವಂತೆಯೇ ಅಡ್ಡ ಹಿಡಿತವೂ ಬಹುಪಾಲು ಹೋಗಿರುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಎರಡೂ ಹಿಂಚಕ್ರಗಳು ಒಟ್ಟಿಗೇ ಕೈಕೊಡುತ್ತವೆ. ಹಿಂಭಾಗ ಇಳಿಜಾರಿನತ್ತ ಸರಿಯುತ್ತದೆ. ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ ಗಳಿಗೆ ಅತಿ ಕೆಟ್ಟದ್ದು, ಏಕೆಂದರೆ ಆಗ ವೇಗ ಏರಿದೆ, ಟೈರು ಇನ್ನೂ ತಣ್ಣಗಿದೆ. ಬೆದರಿ ಕಾಲು ಥಟ್ಟನೆ ತೆಗೆದರೆ ಜಾರುತ್ತಿದ್ದ ಟೈರಿಗೆ ಹಿಡಿತ ಒಮ್ಮೆಲೇ ಮರಳುತ್ತದೆ, ಅಷ್ಟರಲ್ಲಿ ಸ್ಟೀರಿಂಗ್ ಎತ್ತ ತಿರುಗಿದೆಯೋ ಕಾರು ಅತ್ತ ಚಿಮ್ಮುತ್ತದೆ. ಫುಟ್‌ಪಾತಿನಲ್ಲಿ ಫೋನ್ ಹಿಡಿದು ನಿಂತಿರುವವರು ಡ್ರ್ಯಾಗ್ ಸ್ಟ್ರಿಪ್‌ನ ಪ್ರೇಕ್ಷಕರಂತೆ ತಡೆಗೋಡೆಯ ಹಿಂದೆ ಇರುವುದಿಲ್ಲ.