ಕಾವೇರಿಯ ಕಾನೂನು ಕನ್ನಡದಲ್ಲೂ ಬರಲಿ

ಜಯನಗರದ ನಲ್ಲಿಗೂ ಮಂಡ್ಯದ ಗದ್ದೆಗೂ ಫಿನ್ಲೆಂಡಿನ ಹೆಲ್ಸಿಂಕಿಗೂ ಏನು ಸಂಬಂಧ? ಇದೆ. ಹಲವು ದೇಶಗಳಲ್ಲಿ ಹರಿಯುವ ನದಿಯ ನೀರು ಹಂಚಿಕೊಳ್ಳುವ ನಿಯಮಗಳು 1966ರಲ್ಲಿ ಅಲ್ಲೇ ಒಪ್ಪಿಗೆಯಾದವು. 2018ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅವನ್ನೂ ಆಧಾರವಾಗಿ ನೋಡಿತು. ಆ ತೀರ್ಪಿನಲ್ಲಿ ನಮಗೆ 14.75 ಟಿಎಂಸಿ ಹೆಚ್ಚು ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ.

ಇಂಥ ಹೊರದೇಶದ ಕಾನೂನಿನ ಬಗ್ಗೆ ಬರೆಯುವ ಪತ್ರಿಕೆಗಳನ್ನು ನಮ್ಮ ಕಾನೂನು ವಿದ್ಯಾರ್ಥಿಗಳೇ ನಡೆಸುತ್ತಾರೆ. ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಅಂತರರಾಷ್ಟ್ರೀಯ ಆರ್ಥಿಕ ಕಾನೂನಿಗೇ ಒಂದು ಪತ್ರಿಕೆಯಿದೆ. ದೊಡ್ಡ ಕೆಲಸ, ಒಪ್ಪುತ್ತೇವೆ. ಆದರೆ ಅದು ಇಂಗ್ಲಿಷಿನಲ್ಲಿದೆ; ನಾಲೆಯ ಕೊನೆಯಲ್ಲಿ ನೀರಿಗೆ ಕಾಯುವ ರೈತನಿಗೆ ತಲುಪುವುದಿಲ್ಲ. ನೀರು, ಬೀಜ, ಬೆಲೆಯ ಲೇಖನಗಳಿಗಾದರೂ ಒಂದು ಪುಟದ ಕನ್ನಡ ಸಾರಾಂಶ ಹಾಕಿ. ಕರಡು ತಿದ್ದಲು ನಾವು ಬರುತ್ತೇವೆ.